ನೇರಳೆಗೆ ತಿರುಗದ ನೀರು

ಪೀಣ್ಯ, ಎರಡನೇ ಹಂತ

ಜರ್ಮನಿ ಹೇಗಿತ್ತು ಎಂದು ಕೇಳಿದವರಿಗೆಲ್ಲ ಇಷ್ಟು ದಿನ "ಚಳಿ ಇತ್ತು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಅದಕ್ಕಿಂತ ಹೆಚ್ಚು ಬಾಯಿ ಬಿಟ್ಟರೆ ಸಿಟ್ಟೇ ಹೊರಗೆ ಬರುತ್ತಿತ್ತು. ವಿದೇಶಕ್ಕೆ ಹೋಗಿ ಬಂದವಳು ಕೋಟೆ, ಚರ್ಚು, ಚಾಕೊಲೇಟು ಎಂದು ನಗುನಗುತ್ತಾ ಹೇಳಬೇಕೇ ಹೊರತು ಮುಖ ಗಂಟು ಹಾಕಿಕೊಂಡು ಕೂರಬಾರದು ಎಂಬುದು ನನ್ನ ತಂಗಿಯ ವಾದ. ಆದರೆ ನಾನು ಹೋದದ್ದು ಕೋಟೆ ನೋಡಲಿಕ್ಕಲ್ಲ, ನೀರು ನೋಡಲಿಕ್ಕೆ.

ನೀರು ಎಂದರೆ ಕುಡಿಯುವ ನೀರಲ್ಲ. ಅದನ್ನು ವಿವರಿಸದೆ ಮುಂದೆ ಹೋದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ.

ನಾನು ರಸಾಯನಶಾಸ್ತ್ರ ಓದಿದವಳು. ಪೀಣ್ಯದಲ್ಲಿ ಆಸಿಡ್ ತುಂಬುವ ಪ್ಲಾಸ್ಟಿಕ್ ತೊಟ್ಟಿಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಮಿಸ್ಟ್. ಮಾಲೀಕರು ಮುನಿರಾಜಪ್ಪ, ನಾಗಸಂದ್ರದ ಹಳೆಯ ಕುಟುಂಬದವರು. ಅವರ ಅಪ್ಪ ರಾಗಿ ಬೆಳೆದ ಹೊಲದ ಮೇಲೆಯೇ ಇವರ ಷೆಡ್ಡು ನಿಂತಿದೆ. ಹೈಸ್ಕೂಲಿಗೆ ಓದು ಬಿಟ್ಟವರು, ಆದರೆ ವ್ಯವಹಾರದಲ್ಲಿ ಅವರನ್ನು ಯಾಮಾರಿಸಿದವರು ಕಡಿಮೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅವರಿಗೆ ನಾನು ಗಿರಿಜಮ್ಮ.

ನಾಗಸಂದ್ರಕ್ಕೆ ಮೆಟ್ರೊ ಬಂದ ಹೊಸತರಲ್ಲಿ ವೈಟ್‌ಫೀಲ್ಡ್‌ನ ಒಂದು ಟೆಕ್ ಪಾರ್ಕಿನವರು ನಮ್ಮನ್ನು ಕರೆದರು. ಅವರ ಕಟ್ಟಡಗಳ ಮೇಲೆಲ್ಲ ಸೋಲಾರ್ ಹಲಗೆಗಳು. ಮಧ್ಯಾಹ್ನ ಬೇಕಾದಷ್ಟು ಕರೆಂಟು, ಸಂಜೆಯಾದರೆ ಡೀಸೆಲ್ ಜನರೇಟರಿನ ಹೊಗೆ. ಮಧ್ಯಾಹ್ನದ ಕರೆಂಟನ್ನು ಸಂಜೆಗೆ ಎತ್ತಿಡಲು ಒಂದು ಫ್ಲೋ ಬ್ಯಾಟರಿ ಹಾಕುವ ಯೋಚನೆ ಅವರದು. ಈ ಬ್ಯಾಟರಿಯಲ್ಲಿ ವಿದ್ಯುತ್ತು ಉಳಿಯುವುದು ಲೋಹದ ತಗಡಿನಲ್ಲಲ್ಲ, ದ್ರವದಲ್ಲಿ. ಎರಡು ದೊಡ್ಡ ತೊಟ್ಟಿಗಳು, ಎರಡರಲ್ಲೂ ಗಂಧಕಾಮ್ಲದಲ್ಲಿ ಕರಗಿಸಿದ ವೆನೇಡಿಯಂ ಎಂಬ ಲೋಹ. ಪಂಪುಗಳು ಆ ದ್ರವವನ್ನು ನಡುವಿನ ಕೋಶಗಳ ಮೂಲಕ ಸುತ್ತಿಸುತ್ತಲೇ ಇರುತ್ತವೆ. ಚಾರ್ಜ್ ಆಗುತ್ತಾ ಹೋದಂತೆ ಒಂದು ತೊಟ್ಟಿಯ ದ್ರವ ಹಸಿರು ಕಳೆದು ನೇರಳೆಯಾಗುತ್ತದೆ, ಇನ್ನೊಂದರದು ನೀಲಿ ಕಳೆದು ಹಳದಿಯಾಗುತ್ತದೆ. ಕರೆಂಟು ಬಳಸಿದಾಗ ಬಣ್ಣಗಳು ಹಿಂದಕ್ಕೆ ಬರುತ್ತವೆ. ತೊಟ್ಟಿ ದೊಡ್ಡದಾದಷ್ಟೂ ಹೆಚ್ಚು ಕರೆಂಟು ಹಿಡಿಸುತ್ತದೆ. ಆ ದ್ರವಕ್ಕೆ ಎಲೆಕ್ಟ್ರೋಲೈಟ್ ಎಂದು ಹೆಸರು. ಬ್ಯಾಟರಿಯ ಜೀವ ಇರುವುದೇ ಅದರಲ್ಲಿ. ಅದು ಕೆಟ್ಟದ್ದಾದರೆ ಉಳಿದದ್ದೆಲ್ಲ ಬರೀ ಪೈಪು, ಪಂಪು.

ತೊಟ್ಟಿಗಳು ನಮ್ಮವು. ಕೋಶಗಳೂ ದ್ರವವೂ ಜರ್ಮನಿಯ ಒಂದು ಕಂಪನಿಯವು. ಎಲ್ಲವನ್ನೂ ಜೋಡಿಸಿ ನಡೆಸಿ ತೋರಿಸುವ ಹೊಣೆ ನಮ್ಮದು. ಹಡಗಿಗೆ ಏರಿಸುವ ಮೊದಲು ನಾವು ಬಂದು ಸರಕು ನೋಡಬಹುದು ಎಂದು ಕಂಪನಿಯವರು ಮರ್ಯಾದೆಗೆ ಒಂದು ಮಾತು ಬರೆದಿದ್ದರು. ಯಾರೂ ಹೋಗುವುದಿಲ್ಲ ಎಂದು ಅವರಿಗೆ ನಂಬಿಕೆ ಇದ್ದಿರಬೇಕು.

"ಓಗವ ಅಂತೀಯಾ, ಬೇಡ ಅಂತೀಯಾ?" ಎಂದು ಮುನಿರಾಜಪ್ಪ ಕೇಳಿದರು. ನಾನು ಉತ್ತರ ಹೇಳುವ ಮೊದಲೇ ಅವರೇ ತೀರ್ಮಾನಿಸಿದರು: "ಓಗಿ ಕಣ್ಣಾರೆ ನೋಡ್ಕಂಡು ಬಂದ್ಬಿಡವ ಗಿರಿಜಮ್ಮ. ತೊಟ್ಟಿ ನಮ್ದು, ಒಳಗಿನ್ ನೀರು ಯಾರ್ದೋ ಅಂದ್ರೆ ಅದೆಂಗಾಯ್ತದೆ? ನಾಳೆ ಏನಾರ ಆದ್ರೆ ಸಿಕ್ಕಾಕ್ಕೊಳದು ತೊಟ್ಟಿಯೋನೇ ತಾನೆ?"

ಹ್ಯಾಂಬರ್ಗ್, ಕಸ್ಟಮ್ಸ್ ಬಾಗಿಲು

ವಿಮಾನ ಇಳಿದವರೆಲ್ಲ ಹಸಿರು ಬೋರ್ಡಿನ ಬಾಗಿಲಿನಿಂದ ಸರಾಗವಾಗಿ ಹೊರಗೆ ಹೋಗುತ್ತಿದ್ದರು. ನಾವೂ ಅದೇ ಸಾಲಿನಲ್ಲಿದ್ದೆವು. ನೀಲಿ ಕೈಗವಸು ತೊಟ್ಟ ಒಬ್ಬ ಅಧಿಕಾರಿ ಬಂದು ನಮ್ಮಿಬ್ಬರನ್ನು ಮಾತ್ರ ಬಹಳ ನಯವಾಗಿ ಪಕ್ಕಕ್ಕೆ ಕರೆದ. ನಮ್ಮ ಮುಂದಿದ್ದ ಕೆಂಪು ಕೂದಲಿನವನ ಪೆಟ್ಟಿಗೆ ನಮ್ಮ ಎರಡು ಪೆಟ್ಟಿಗೆ ಸೇರಿಸಿದಷ್ಟಿತ್ತು. ಆತ ಸೀಟಿ ಹಾಕಿಕೊಂಡು ಹೊರಟುಹೋದ.

ನನ್ನ ಚೀಲದಲ್ಲಿ ಖಾಲಿ ಸ್ಯಾಂಪಲ್ ಬಾಟಲಿ, ಸೋಸುವ ಕಾಗದ, ಉದ್ದನೆಯ ರಬ್ಬರ್ ನಳಿಕೆ, ಕನ್ನಡಕ. ಇವನ್ನೆಲ್ಲ ಮೇಜಿನ ಮೇಲೆ ಹರಡಿದಾಗ ನೋಡಲು ಒಳ್ಳೆಯ ಉದ್ದೇಶದ ಸಾಮಾನುಗಳಂತೆ ಕಾಣುತ್ತಿರಲಿಲ್ಲ ಎಂದು ನಾನೂ ಒಪ್ಪುತ್ತೇನೆ. ಅದರ ಮೇಲೆ ಮುನಿರಾಜಪ್ಪನವರ ಸ್ಟೀಲ್ ಡಬ್ಬಿ ಹೊರಗೆ ಬಂತು. ಅದರ ತುಂಬ ಕಂದು ಬಣ್ಣದ ಪುಡಿ.

"ಏನಿದು?" ಎಂದು ಅಧಿಕಾರಿ ಕೇಳಿದ.

"ರಾಗಿ ಹುರಿಹಿಟ್ಟು" ಎಂದು ಮುನಿರಾಜಪ್ಪ ಕನ್ನಡದಲ್ಲೇ ಹೇಳಿದರು. ನಾನು ಧಾನ್ಯ, ಹುರಿದದ್ದು, ಪುಡಿ ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಆತ ಮೂಸಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಮುನಿರಾಜಪ್ಪನವರಿಗೆ ತಾಳ್ಮೆ ಮುಗಿಯಿತು. ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಬಾಯಿಗೆ ಎಸೆದುಕೊಂಡರು. ಒಣ ಹಿಟ್ಟು ನೆತ್ತಿಗೆ ಹತ್ತಿ ಕೆಮ್ಮು ಬಂದು, ಆ ನೀಲಿ ಕೈಗವಸಿನ ಮೇಲೆಲ್ಲ ಹಿಟ್ಟು ಹಾರಿತು. ಅಧಿಕಾರಿಯೇ ಓಡಿಹೋಗಿ ನೀರು ತಂದುಕೊಟ್ಟ. ಆಮೇಲೆ ನಮ್ಮನ್ನು ಬೇಗ ಬಿಟ್ಟರು.

ಕೆಮ್ಮು ನಿಂತ ಮೇಲೆ ಅವರು ಹೇಳಿದ್ದು ಒಂದೇ ಮಾತು: "ನಮ್ ದೇಶುಕ್ ಬರೋ ಮಾಲ್ನ ಇಂಗೆ ಯಾರಾದ್ರೂ ಮೂಸಿ ನೋಡ್ತಾರಾ?"

ಆಗ ನಾನು ನಕ್ಕುಬಿಟ್ಟೆ.

ಎರಡು ತುಂಡಾದ ರೈಲು

ಕಂಪನಿ ಇದ್ದದ್ದು ಸಮುದ್ರದ ಕಡೆಗಿನ ಒಂದು ಸಣ್ಣ ಊರಿನಲ್ಲಿ. ರೈಲು ಹತ್ತಿ ಕೂತೆವು. ದಾರಿಯುದ್ದಕ್ಕೂ ಗಾಳಿಯಂತ್ರಗಳು. ಎಲ್ಲಿ ನೋಡಿದರೂ ಬಿಳಿ ಕಂಬ, ಬಿಳಿ ರೆಕ್ಕೆ. ಮರಗಳು ಬಾಗುವಷ್ಟು ಗಾಳಿ ಬೀಸುತ್ತಿತ್ತು, ಆದರೂ ಅರ್ಧಕ್ಕರ್ಧ ಯಂತ್ರಗಳು ಅಲ್ಲಾಡದೆ ನಿಂತಿದ್ದವು. ಎದುರು ಕೂತಿದ್ದ ಮುದುಕರೊಬ್ಬರನ್ನು ಕೆಟ್ಟಿವೆಯೇ ಎಂದು ಕೇಳಿದೆ. ಕೆಟ್ಟಿಲ್ಲ, ನಿಲ್ಲಿಸಿದ್ದಾರೆ ಎಂದರು ಅವರು. ಗಾಳಿ ಜೋರಿದ್ದ ದಿನ ಕರೆಂಟು ಹೆಚ್ಚಾಗುತ್ತದೆ, ತಂತಿಗಳು ಹೊರಲಾರವು, ಎತ್ತಿಡಲು ಜಾಗವಿಲ್ಲ, ಅದಕ್ಕೇ ನಿಲ್ಲಿಸುತ್ತಾರೆ.

ನಾನು ಇದನ್ನು ಹೇಳಿದಾಗ ಮುನಿರಾಜಪ್ಪ ಸೀಟಿನಿಂದ ಅರ್ಧ ಎದ್ದರು. "ಬರೋ ಕರೆಂಟ್ನ ಬೇಡ ಅಂತವ್ರಾ?" ವಾರದಲ್ಲಿ ಎಷ್ಟೋ ಸಲ ಪವರ್ ಕಟ್ ಆಗಿ, ಅಚ್ಚಿನಲ್ಲಿ ಅರ್ಧ ಕರಗಿದ ಪ್ಲಾಸ್ಟಿಕ್ ಅಲ್ಲೇ ಹೆಪ್ಪುಗಟ್ಟಿ ಹಾಳಾಗುವುದನ್ನು ನೋಡುವವರು ಅವರು. ನಿಂತ ರೆಕ್ಕೆಗಳನ್ನು ಕಂಡು ಅವರಿಗೆ ಆದ ಸಂಕಟ, ಬೀದಿಯಲ್ಲಿ ಅನ್ನ ಚೆಲ್ಲಿದ್ದನ್ನು ಕಂಡವರಿಗೆ ಆಗುವಂಥದ್ದು.

ಈ ಮಾತಿನ ಭರದಲ್ಲಿ ರೈಲು ಒಂದು ಸ್ಟೇಷನ್ನಿನಲ್ಲಿ ನಿಂತು, ಏನೋ ಘೋಷಣೆಯಾಗಿ, ಮತ್ತೆ ಹೊರಟಿತು. ಇಳಿಯಬೇಕಾದ ಊರು ಬರಲೇ ಇಲ್ಲ. ರೈಲು ಸಮುದ್ರದ ದಂಡೆಗೆ ಬಂದು ನಿಂತಿತು, ಮುಂದೆ ಹಳಿಯೇ ಇಲ್ಲ. ಕಂಡಕ್ಟರ್ ಹೆಂಗಸು ನಮ್ಮ ಟಿಕೆಟ್ ನೋಡಿ ತಲೆಯಾಡಿಸಿದಳು. ಆ ಸ್ಟೇಷನ್ನಿನಲ್ಲಿ ರೈಲು ಎರಡು ತುಂಡಾಗುತ್ತದಂತೆ. ಮುಂದಿನ ಡಬ್ಬಿಗಳು ಒಂದು ಕಡೆಗೆ, ಹಿಂದಿನವು ಇನ್ನೊಂದು ಕಡೆಗೆ.

"ನಾನು ಘೋಷಿಸಿದೆನಲ್ಲ" ಎಂದಳು.

"ಜರ್ಮನ್ ಭಾಷೆಯಲ್ಲಿ" ಎಂದೆ ನಾನು.

"ಇದು ಜರ್ಮನಿ" ಎಂದಳು.

ಅದಕ್ಕೆ ಉತ್ತರ ಕೊಟ್ಟವರು ಮುನಿರಾಜಪ್ಪ. "ನಮ್ ಬಸ್ಸು ಇಂಗೆ ಎಲ್ಡಾಗೋದಿದ್ರೆ ಕಂಡಕ್ಟ್ರು ಮೈ ಮುಟ್ಟಿ ಎಬ್ಬಿಸ್ತಾನೆ ಅಂತ ಯೋಳಮ್ಮ ಅವ್ಳಿಗೆ." ನಾನು ಹೇಳಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಚಳಿಗಾಳಿಗೆ ಮುಖ ಕೊಟ್ಟು ಕೂತು, ಹುರಿಹಿಟ್ಟಿಗೆ ಬಾಟಲಿ ನೀರು ಕಲಸಿ ತಿಂದೆವು. ವಾಪಸ್ ಹೋಗುವ ರೈಲು ಬರುವವರೆಗೆ ಇಡೀ ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರು ಮತ್ತು ಒಂದು ಸಮುದ್ರಹಕ್ಕಿ. ಅದು ಹಿಟ್ಟಿನ ಉಂಡೆಗೆ ಆಸೆಪಟ್ಟು ಹತ್ತಿರ ಬಂದು, ಕೊಟ್ಟಾಗ ಕಚ್ಚಿ ನೋಡಿ ಬಿಟ್ಟುಹೋಯಿತು.

ಶುಕ್ರವಾರ, ಕಂಪನಿಯ ಗೋದಾಮು

ನಮ್ಮನ್ನು ಎದುರುಗೊಂಡವನು ಫೆಲಿಕ್ಸ್ ಎಂಬ ಮ್ಯಾನೇಜರ್. ವಯಸ್ಸು ಮೂವತ್ತರ ಆಸುಪಾಸು, ನಗುಮುಖ. ಇಬ್ಬರಿಗೂ ಕೊರಳಿಗೆ ಹಾಕಿಕೊಳ್ಳುವ ಕಾರ್ಡು ಕೊಟ್ಟ. ಮುನಿರಾಜಪ್ಪನವರದರಲ್ಲಿ ನಿರ್ದೇಶಕರು ಎಂದಿತ್ತು. ನನ್ನದರಲ್ಲಿ ದುಭಾಷಿ ಎಂದಿತ್ತು.

"ನಾನು ಕೆಮಿಸ್ಟ್" ಎಂದೆ.

"ಓ, ಒಳ್ಳೆಯದು" ಎಂದ. "ಕಾರ್ಡಿನಲ್ಲಿ ಹಾಗೆ ಬಂದುಬಿಟ್ಟಿದೆ. ಪರವಾಗಿಲ್ಲ ಅಲ್ಲವೇ?"

ಪರವಾಗಿಲ್ಲ ಎಂದೆ. ಅದು ಆ ದಿನ ನಾನು ಹೇಳಿದ ಕೊನೆಯ ಪರವಾಗಿಲ್ಲ.

ಗೋದಾಮಿನಲ್ಲಿ ನಮ್ಮ ಎಲೆಕ್ಟ್ರೋಲೈಟ್ ಸಾಲಾಗಿ ನಿಂತಿತ್ತು. ಕಬ್ಬಿಣದ ಪಂಜರದೊಳಗೆ ಕೂರಿಸಿದ ಬಿಳಿ ಪ್ಲಾಸ್ಟಿಕ್ ಪೀಪಾಯಿಗಳು, ಒಂದೊಂದೂ ನಮ್ಮ ಮನೆಯ ಅಡುಗೆಕೋಣೆಯ ಅರ್ಧದಷ್ಟು. ಒಳಗಿನ ದ್ರವ ಹಸಿರು ಬೆರೆತ ಗಾಢ ನೀಲಿ. ಬಣ್ಣವೇನೋ ಸರಿಯಾಗಿತ್ತು. ಆದರೆ ಬಿಳಿ ಪ್ಲಾಸ್ಟಿಕ್ಕಿನ ಮೂಲಕ ತಳದಲ್ಲಿ ಒಂದು ಕಪ್ಪು ಪಟ್ಟಿ ಕಾಣುತ್ತಿತ್ತು. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಒಂದು ಪೀಪಾಯಿಯಲ್ಲಲ್ಲ, ಎಲ್ಲದರಲ್ಲೂ ತಳದಲ್ಲಿ ಕೆಸರು.

"ಇದು ಏನು?"

ಫೆಲಿಕ್ಸ್ ನನ್ನನ್ನು ನೋಡದೆ ಮುನಿರಾಜಪ್ಪನವರಿಗೆ ಉತ್ತರಿಸಿದ. "ಚಳಿ. ಗೋದಾಮಿಗೆ ಹೀಟರ್ ಇಲ್ಲ. ತಂಪಿನಲ್ಲಿ ಸ್ವಲ್ಪ ಉಪ್ಪು ತಳಕ್ಕೆ ಕೂರುತ್ತದೆ. ನಿಮ್ಮ ದೇಶದ ಬಿಸಿಲಿಗೆ ತಾನಾಗಿ ಕರಗುತ್ತದೆ."

ಈ ಮಾತು ಪೂರ್ತಿ ಸುಳ್ಳಲ್ಲ. ವೆನೇಡಿಯಂ ದ್ರವ ಹೆಚ್ಚು ಚಳಿಯಲ್ಲಿ ಹಾಗೆ ಮಾಡುತ್ತದೆ. ಆದರೆ ಹಾಗೆ ಕೂರುವುದು ಹರಳು, ಹಸಿರು ಇಲ್ಲವೇ ನೀಲಿ. ಇದು ಕಪ್ಪಗಿತ್ತು, ಅದರಲ್ಲಿ ಕೂದಲಿನಂಥ ಎಳೆಗಳಿದ್ದವು. ಬ್ಯಾಟರಿಯ ಕೋಶಗಳೊಳಗೆ ಇಂಗಾಲದ ಕಂಬಳಿಯಂಥ ಒಂದು ಹಾಸು ಇರುತ್ತದೆ. ಎಳೆಗಳು ಅದರಂತೆ ಕಂಡವು. ಹೊಸ ದ್ರವದಲ್ಲಿ ಅವು ಬರುವುದಾದರೂ ಎಲ್ಲಿಂದ?

"ಒಂದು ಪೀಪಾಯಿಯನ್ನು ಬೆಚ್ಚಗೆ ಮಾಡಿ ಕಲಕಿ. ಆಮೇಲೆ ತಳದಿಂದ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡೋಣ" ಎಂದೆ.

"ಮೇಲಿನಿಂದ ತೆಗೆದ ಸ್ಯಾಂಪಲ್ ಸಿದ್ಧವಾಗಿದೆ" ಎಂದ.

"ನನಗೆ ತಳದ್ದು ಬೇಕು."

ಆತ ಗಡಿಯಾರ ನೋಡಿಕೊಂಡ. ಶುಕ್ರವಾರ ಮಧ್ಯಾಹ್ನ. ಪ್ರಯೋಗಾಲಯಕ್ಕೆ ಬೀಗ ಹಾಕುವ ಹೊತ್ತು, ಸೋಮವಾರದವರೆಗೆ ಯಾರೂ ಇರುವುದಿಲ್ಲ ಎಂದ. ನಿಜವಾಗಿಯೂ ಅಷ್ಟು ಹೊತ್ತಿಗೆ ಜನ ಚೀಲ ಹೆಗಲಿಗೇರಿಸಿ ಸೈಕಲ್ ಹತ್ತಿ ಹೊರಟಾಗಿತ್ತು. ನಮ್ಮಲ್ಲಿ ಶುಕ್ರವಾರ ಆ ಹೊತ್ತಿಗೆ ಯಾರಾದರೂ ಹೊರಟರೆ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಾರೆ. ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ.

"ಸೋಮ್ವಾರ್ಗಂಟ ಇಲ್ಲೇ ಇರ್ತೀವಿ ಅಂತ ಯೋಳು" ಎಂದರು ಮುನಿರಾಜಪ್ಪ. "ಬೇಕಾದ್ರೆ ಮಂಗ್ಳವಾರ್ಗಂಟ."

ಭಾನುವಾರ

ಭಾನುವಾರ ಆ ಊರಿನಲ್ಲಿ ಸದ್ದಿಗೆ ರಜೆ. ಅಂಗಡಿ ಇಲ್ಲ, ಹಾರ್ನ್ ಇಲ್ಲ, ಮಕ್ಕಳ ಗಲಾಟೆಯೂ ಇಲ್ಲ. ನಾವಿದ್ದ ವಸತಿಗೃಹದಲ್ಲಿ ಖಾಲಿ ನೀರಿನ ಬಾಟಲಿಗಳು ಸೇರಿದ್ದವು. ರಸ್ತೆ ಬದಿ ಗಾಜು ಹಾಕುವ ದೊಡ್ಡ ಡಬ್ಬವಿತ್ತು. ಒಳ್ಳೆಯ ಅತಿಥಿಗಳಂತೆ ಹೋಗಿ ಒಂದೊಂದಾಗಿ ಹಾಕತೊಡಗಿದೆವು. ಎರಡನೆಯದು ಬಿದ್ದ ಸದ್ದಿಗೇ ಎದುರು ಮನೆಯ ಕಿಟಕಿ ತೆರೆಯಿತು. ಒಬ್ಬ ಹೆಂಗಸು ಜರ್ಮನ್‌ನಲ್ಲಿ ಉದ್ದಕ್ಕೆ ಬೈದಳು. ಭಾನುವಾರ ಗಾಜು ಹಾಕಬಾರದು, ಅಕ್ಕಪಕ್ಕದವರ ನೆಮ್ಮದಿ ಕೆಡುತ್ತದೆ ಎಂದು ಡಬ್ಬದ ಮೇಲೆ ಬರೆದಿದೆ ಎಂದು ಆಮೇಲೆ ತಿಳಿಯಿತು. ಉಳಿದ ಬಾಟಲಿಗಳನ್ನು ಎದೆಗವಚಿಕೊಂಡು ವಾಪಸ್ ಬಂದೆವು.

ಆ ಹೊತ್ತಿಗೆ ನಗು ಬಂದಿತ್ತು. ಆದರೆ ಸಮುದ್ರದ ನೀರು ಒಳಗೆ ಬಾರದಂತೆ ಕಟ್ಟಿದ ಮಣ್ಣಿನ ಏರಿಯ ಮೇಲೆ ನಡೆಯುತ್ತಾ ಹೋದಂತೆ ನಗು ಹೋಗಿ ಸಿಟ್ಟು ಬಂತು. ಒಂದು ಬಾಟಲಿ ಬಿದ್ದ ಸದ್ದು ಪಕ್ಕದ ಮನೆಗೆ ಕೇಳಬಾರದು ಎಂದು ಇಷ್ಟು ಕಾಳಜಿ ಮಾಡುವ ಊರು. ಅದೇ ಊರಿನ ಗೋದಾಮಿನಲ್ಲಿ ಆ ಕೆಸರು. ಇವರಿಗೆ ಪಕ್ಕದ ಮನೆ ಯಾವುದು, ದೂರದ ಮನೆ ಯಾವುದು ಎಂಬ ಲೆಕ್ಕ ಬಹಳ ಚೆನ್ನಾಗಿ ಗೊತ್ತು.

ಏರಿಯ ಮೇಲೆ ಕುರಿಗಳು ಮೇಯುತ್ತಿದ್ದವು. ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು ನಮ್ಮನ್ನು ಕಂಡು ಇಳಿದಳು. ಮೋಟು ಬಿಳಿಗೂದಲು, ಹಳೆಯ ಮಳೆಕೋಟು. ತಾನು ರೆನಾಟೆ, ಕಂಪನಿಯ ಪ್ರಯೋಗಾಲಯದವಳು, ಭಾರತದ ಅತಿಥಿಗಳು ನೀವೇ ಅಲ್ಲವೇ ಎಂದು ಕೇಳಿದಳು. ಮುನಿರಾಜಪ್ಪ ಡಬ್ಬಿ ತೆರೆದು ಹಿಟ್ಟಿನ ಉಂಡೆ ಕೊಟ್ಟರು. ಸಮುದ್ರಹಕ್ಕಿಗಿಂತ ಮರ್ಯಾದಸ್ಥೆ, ಪೂರ್ತಿ ತಿಂದಳು.

"ನಾಳೆ ತಳದಿಂದ ತೆಗೆಯೋಣವೇ?" ಎಂದು ಸುತ್ತುಬಳಸಿಲ್ಲದೆ ಕೇಳಿದೆ.

"ಮೇಲಿನದು ಮಾತ್ರ ತೋರಿಸಲು ಹೇಳಿದ್ದಾರೆ" ಎಂದಳು. ಆಮೇಲೆ, "ಒಂದು ಪೀಪಾಯಿಗೆ ಹೀಟರ್ ಹಾಕಿ ಬಂದಿದ್ದೇನೆ. ಬೆಳಿಗ್ಗೆ ಹೊತ್ತಿಗೆ ಬೆಚ್ಚಗಾಗಿರುತ್ತದೆ" ಎಂದಳು. ಅಷ್ಟೇ ಹೇಳಿ ಸೈಕಲ್ ಹತ್ತಿದಳು.

ಸೋಮವಾರ

ಬೆಚ್ಚಗಾದ ಪೀಪಾಯಿಯಲ್ಲಿ ಕೆಸರು ಹಾಗೇ ಇತ್ತು. ನನ್ನ ರಬ್ಬರ್ ನಳಿಕೆಯಿಂದ ತಳದ ದ್ರವ ಎಳೆದು ಸೋಸಿದೆವು. ಕಾಗದದ ಮೇಲೆ ಕಪ್ಪು ಎಳೆಗಳು ಉಳಿದವು. ಸೋಸಿದ ದ್ರವವನ್ನು ರೆನಾಟೆ ತೊಟ್ಟಿಗಳ ಬದಲು ಎರಡು ಗಾಜಿನ ಬಾಟಲಿಗಳಿದ್ದ, ಅಂಗೈಯಗಲದ ಒಂದು ಪರೀಕ್ಷಾ ಬ್ಯಾಟರಿಗೆ ಹಾಕಿದಳು. ಪಕ್ಕದಲ್ಲೇ ಅಂಥದ್ದೇ ಇನ್ನೊಂದಕ್ಕೆ ತಾನೇ ತಯಾರಿಸಿದ ಶುದ್ಧ ದ್ರವ. ಎರಡಕ್ಕೂ ಒಂದೇ ಹೊತ್ತಿಗೆ ಕರೆಂಟು ಕೊಟ್ಟಳು.

ಇಂಥದ್ದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗುವುದಿಲ್ಲ. ಶುದ್ಧ ದ್ರವದ ಒಂದು ಬಾಟಲಿ ನೀಲಿಯಾಗಿ, ನೀಲಿ ಕಳೆದು ಹಳದಿಗೆ ತಿರುಗಿತು. ಇನ್ನೊಂದು ಹಸಿರಾಗಿ, ಹಸಿರು ಕದಡಿ, ನೋಡನೋಡುತ್ತಿದ್ದಂತೆ ನೇರಳೆಹಣ್ಣಿನ ರಸದ ಬಣ್ಣಕ್ಕೆ ಬಂತು. ಮುನಿರಾಜಪ್ಪ ಮಕ್ಕಳಂತೆ ಬಗ್ಗಿ ನೋಡುತ್ತಿದ್ದರು.

ನಮಗೆ ಕಳಿಸಬೇಕಿದ್ದ ದ್ರವದಲ್ಲಿ ಹಳದಿಯೇನೋ ಬಂತು. ನೇರಳೆ ಬರಲೇ ಇಲ್ಲ. ಹಸಿರು ಬಾಟಲಿ ಕೊಳೆತ ಕೆರೆಯ ಬಣ್ಣದಲ್ಲೇ ನಿಂತು, ನಳಿಕೆಯಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದವು. ಬೇರೆ ಲೋಹಗಳು ಸೇರಿಕೊಂಡಾಗ ಹೀಗಾಗುತ್ತದೆ. ಕೊಟ್ಟ ಕರೆಂಟು ದ್ರವದಲ್ಲಿ ಉಳಿಯುವ ಬದಲು ಹೈಡ್ರೋಜನ್ ಅನಿಲವಾಗಿ ಹೋಗುತ್ತದೆ. ಕರೆಂಟು ದಂಡ, ಮೇಲೆ ಬೆಂಕಿಯ ಭಯ.

"ಇದು ಹೊಸದಲ್ಲ" ಎಂದೆ.

"ಹಳೆಯ ಬ್ಯಾಟರಿಯೊಂದನ್ನು ಬಿಚ್ಚಿದಾಗ ಬಂದದ್ದು" ಎಂದಳು ರೆನಾಟೆ. "ಅದರಲ್ಲಿ ಲೋಹದ ಕೊಂಡಿಯೊಂದು ಆಸಿಡ್‌ಗೆ ಕರಗಿತ್ತು. ಶುದ್ಧ ಮಾಡದೆ ಕಳಿಸಬಾರದು ಎಂದು ಹೇಳಿದ್ದೆ."

ಫೆಲಿಕ್ಸ್ ಬಂದ. ನೇರಳೆ ಬಾಟಲಿಯನ್ನೂ ಹಸಿರು ಬಾಟಲಿಯನ್ನೂ ನೋಡಿದ, ರೆನಾಟೆಯನ್ನೂ ನೋಡಿದ. ನಮ್ಮನ್ನು ಮೀಟಿಂಗ್ ಕೋಣೆಗೆ ಕರೆದೊಯ್ದು ಕಾಫಿ ತರಿಸಿದ. ಆಮೇಲೆ ಬಹಳ ಸಮಾಧಾನವಾಗಿ ಮಾತಾಡಿದ. ಎಲೆಕ್ಟ್ರೋಲೈಟ್‌ಗೆ ವಯಸ್ಸಿಲ್ಲ, ಅದು ಸವೆಯುವ ವಸ್ತುವಲ್ಲ, ಹಾಗಾಗಿ ಹಳೆಯದು ಹೊಸದು ಎಂಬ ಮಾತಿಗೆ ಅರ್ಥವಿಲ್ಲ. ಸಣ್ಣಪುಟ್ಟ ಕಲ್ಮಶ ಎಲ್ಲದರಲ್ಲೂ ಇರುತ್ತದೆ. ಕೊನೆಗೆ, "ನಿಮ್ಮ ಕಡೆಯ ಪರಿಸ್ಥಿತಿಗೆ ಇಷ್ಟು ಗುಣಮಟ್ಟ ಸಾಕಾಗುತ್ತದೆ" ಎಂದ.

ನಾನು ಇದನ್ನು ಕನ್ನಡಕ್ಕೆ ತಂದೆ. ಸವೆಯುವುದಿಲ್ಲ ಎಂಬುದು ನಿಜ, ಅದಕ್ಕೇ ಈ ದ್ರವದ ಮೇಲೆ ನನಗೆ ಅಷ್ಟು ಪ್ರೀತಿ. ಆ ನಿಜವನ್ನೇ ತೆಗೆದುಕೊಂಡು ಹೊಲಸು ಮುಚ್ಚಲು ಬಳಸುತ್ತಿದ್ದಾನಲ್ಲ ಎಂದು ಮೈ ಉರಿಯಿತು.

ಮುನಿರಾಜಪ್ಪ ಕಾಫಿ ಲೋಟ ಪಕ್ಕಕ್ಕೆ ಸರಿಸಿದರು. "ಗಿರಿಜಮ್ಮ, ನಾನ್ ಯೋಳಿದ್ದನ್ನ ಅಂಗೇ ಯೋಳು. ಒಂದಕ್ಷರ ಬಿಡ್ಬೇಡ, ಒಂದಕ್ಷರ ಸೇರಿಸ್ಬೇಡ" ಎಂದರು. ಆಮೇಲೆ ಫೆಲಿಕ್ಸ್‌ನ ಕಣ್ಣಲ್ಲಿ ಕಣ್ಣಿಟ್ಟು ಕನ್ನಡದಲ್ಲೇ ಮಾತಾಡಿದರು.

"ನಮ್ ಕಡೆ ಪರಿಸ್ಥಿತಿ ಅಂದ್ಯಲ್ಲಪ್ಪ, ಅದೇನಂತ ನಿಂಗೊತ್ತಾ? ನಮ್ಮನೆ ಇತ್ಲಲ್ಲಿ ಒಂದು ಬೋರ್‌ವೆಲ್ ಐತೆ. ನಮ್ಮಪ್ಪ ಕೊರೆಸಿದ್ದು. ತೆಂಗಿನ್ ನೀರಿನಂಗಿತ್ತು ಅದು. ಸುತ್ತ ಕಬ್ಣಕ್ಕೆ ಕ್ರೋಮ್ ಬಳಿಯೋ ಪ್ಲೇಟಿಂಗ್ ಷೆಡ್ಡುಗಳು ಬಂದ್ವು, ಆಸಿಡ್ಡು ನೆಲಕ್ ಬಿಟ್ರು, ಒಂದಿನ ಕೊಡ ಇಡಿದ್ರೆ ಅರಿಶಿಣದ್ ನೀರು ಬಂತು. ಮಾಡ್ದೋರು ನೀವಲ್ಲ. ನಮ್ಮೋರೇ. ಅವ್ರನ್ನೂ ಇಂಗೇ ಬೈದಿದೀನಿ. ಈಗ ಆ ಬೋರಿಗೆ ಬೀಗ ಆಕಿ ಟ್ಯಾಂಕರ್ ನೀರು ಕುಡೀತಿದೀವಿ. ನೆಲ ಕೆಡ್ಸೋ ಕೆಲ್ಸುಕ್ಕೆ ನಮ್ಮಲ್ಲೇ ಜನ ಅವ್ರೆ. ಅದುನ್ನ ಅಡಗ್ನಲ್ಲಿ ಬ್ಯಾರೆ ತರುಸ್ಬೇಕಾಗಿಲ್ಲ."

ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಆ ಅರಿಶಿನದ ನೀರನ್ನು ನಾನೂ ಕಂಡವಳು.

ಫೆಲಿಕ್ಸ್ ಕೆಂಪಾದ. ನಗು ಹೋಗಿತ್ತು. ತಾನು ಆ ಅರ್ಥದಲ್ಲಿ ಹೇಳಲಿಲ್ಲ ಎಂದ. ಯಾವ ಅರ್ಥದಲ್ಲಿ ಹೇಳಿದಿರಿ ಎಂದು ನಾನು ಕೇಳಿದೆ. ಅದು ಅನುವಾದವಲ್ಲ, ನನ್ನದೇ ಪ್ರಶ್ನೆ. ಆತ ಆ ಕೋಣೆಯಲ್ಲಿ ಮೊದಲ ಬಾರಿಗೆ ನನ್ನ ಕಡೆ ತಿರುಗಿದ.

ಕೋಶಗಳನ್ನು ತೆಗೆದುಕೊಳ್ಳುತ್ತೇವೆ, ಈ ದ್ರವ ಬೇಡ ಎಂದು ಹೇಳಿ ಎದ್ದೆವು. ಹೊರಡುವಾಗ ಕೊರಳಿನ ಕಾರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟು ಬಂದೆ. ರೆನಾಟೆ ಗೇಟಿನವರೆಗೆ ಬಂದು ಇಬ್ಬರ ಕೈಯನ್ನೂ ಕುಲುಕಿದಳು. ಅವಳಿಗೆ ಒಳಗೆ ಏನು ಕಾದಿತ್ತೋ ಎಂದು ರೈಲಿನಲ್ಲಿ ಕೂತ ಮೇಲೆ ಹೊಳೆಯಿತು. ಈ ಸಲ ರೈಲು ಎಲ್ಲಾದರೂ ಎರಡು ತುಂಡಾಗುತ್ತದೆಯೇ ಎಂದು ಮೊದಲೇ ಕೇಳಿಕೊಂಡು ಹತ್ತಿದ್ದೆವು.

ವೈಟ್‌ಫೀಲ್ಡ್

ಸಿಟ್ಟು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅದರ ದೊಡ್ಡ ಪಾಲು ಊರಿನಲ್ಲೇ ಕಾದಿತ್ತು.

ಟೆಕ್ ಪಾರ್ಕಿನ ವಿದ್ಯುತ್ ವ್ಯವಸ್ಥೆ ನೋಡಿಕೊಳ್ಳುವವರು ಪ್ರದೀಪ್ ಎಂಬ ಎಂಜಿನಿಯರ್, ಮೈಸೂರಿನ ಕಡೆಯವರು. ನಡೆದದ್ದನ್ನೆಲ್ಲ ಹೇಳಿ ನೇರಳೆ, ಹಸಿರು ಬಾಟಲಿಗಳ ಫೋಟೊ ತೋರಿಸಿದೆ. ಅವರು ಫೋಟೊ ಕಡೆ ಸರಿಯಾಗಿ ನೋಡಲೂ ಇಲ್ಲ.

"ಏನ್ ಮೇಡಂ ನೀವು, ಜರ್ಮನ್ಸ್‌ಗೇ ಕ್ವಾಲಿಟಿ ಪಾಠ ಹೇಳ್ಕೊಟ್ಟು ಬಂದ್ರಾ? ಅಲ್ಲಿಂದ ಬರೋ ಮಾಲು ಅಂದ್ಮೇಲೆ ಚೆನ್ನಾಗೇ ಇರುತ್ತೆ. ಸುಮ್ನೆ ಪ್ರಾಜೆಕ್ಟ್ ಡಿಲೇ ಮಾಡ್ಬಿಟ್ರಿ."

ಫೆಲಿಕ್ಸ್ ಹೇಳಿದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಅವನು ನಮ್ಮ ಊರನ್ನು ನೋಡದವನು. ಇವರು ದಿನಾ ಕಾಡುಗೋಡಿಯಿಂದ ಅದೇ ಟ್ಯಾಂಕರುಗಳ ಹಿಂದೆ ಕಾರು ನಿಲ್ಲಿಸಿಕೊಂಡು ಆಫೀಸಿಗೆ ಬರುವವರು.

ಎಲೆಕ್ಟ್ರೋಲೈಟನ್ನು ನಾವೇ ಮಾಡುತ್ತೇವೆ ಎಂದು ಮುನಿರಾಜಪ್ಪ ಅಲ್ಲೇ ಹೇಳಿಬಿಟ್ಟರು. ನನ್ನನ್ನು ಕೇಳಿರಲಿಲ್ಲ. ಶುದ್ಧ ವೆನೇಡಿಯಂ ಲವಣ ತರಿಸಿ, ಷೆಡ್ಡಿನ ಒಂದು ಮೂಲೆಗೆ ಗೋಡೆ ಕಟ್ಟಿಸಿ, ಕಬ್ಬಿಣದ ಒಂದು ಮೊಳೆಯೂ ಒಳಗೆ ಬಾರದಂತೆ ಕಾವಲು ಕೂತು, ಹಲವು ತಿಂಗಳು ಒದ್ದಾಡಿದೆ. ಮೊದಲ ಸಲ ಮಾಡಿದ್ದು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಆಮೇಲೊಂದು ದಿನ ಪರೀಕ್ಷಾ ಬಾಟಲಿ ನೇರಳೆ ಬಣ್ಣಕ್ಕೆ ಬಂದು ನಿಂತಾಗ ಮುನಿರಾಜಪ್ಪ ಷೆಡ್ಡಿನವರಿಗೆಲ್ಲ ಮೈಸೂರು ಪಾಕ್ ತರಿಸಿದರು. ಫಲಿತಾಂಶಗಳನ್ನು ಪ್ರದೀಪ್‌ಗೆ ಮತ್ತೆ ಮತ್ತೆ ತೋರಿಸಿದೆ. "ನೋಡೋಣ ಮೇಡಂ" ಎನ್ನುತ್ತಿದ್ದರು. ನೋಡುತ್ತಿರಲಿಲ್ಲ.

ಆ ಬೇಸಿಗೆ ರೆನಾಟೆ ಬಂದಳು. ನಮ್ಮ ಪರೀಕ್ಷೆಯ ನಂತರ ಅವಳನ್ನು ಪ್ರಯೋಗಾಲಯದಿಂದ ಉಗ್ರಾಣಕ್ಕೆ ಹಾಕಿದ್ದರಂತೆ. ಅವಳು ನಿವೃತ್ತಿಯನ್ನು ಮುಂಚೆಯೇ ತೆಗೆದುಕೊಂಡು ದೇಶ ನೋಡಲು ಹೊರಟಿದ್ದಳು. ಹಂಪಿಗೆ ಹೋಗುವ ಮೊದಲು ಪೀಣ್ಯ ನೋಡಬೇಕು ಎಂದು ಹಟ ಹಿಡಿದವಳು ಬಹುಶಃ ಅವಳೊಬ್ಬಳೇ. ನಮ್ಮ ದ್ರವದ ಪರೀಕ್ಷೆಯನ್ನು ಪಕ್ಕದಲ್ಲಿ ನಿಂತು ನೋಡಿದಳು. ಜರ್ಮನಿಯಿಂದ ಕೆಮಿಸ್ಟ್ ಬಂದಿದ್ದಾರೆ ಎಂಬ ಸುದ್ದಿ ಪ್ರದೀಪ್‌ಗೆ ಹೇಗೋ ಮುಟ್ಟಿ, ನಮ್ಮನ್ನೆಲ್ಲ ವೈಟ್‌ಫೀಲ್ಡ್‌ಗೆ ಕರೆಸಿದರು.

ಆ ಕೋಣೆಯಲ್ಲಿ ಪ್ರದೀಪ್ ಎಲ್ಲ ಪ್ರಶ್ನೆಗಳನ್ನೂ ರೆನಾಟೆಗೆ ಕೇಳಿದರು. ದ್ರವ ಶುದ್ಧವಾಗಿದೆಯೇ? ಅನಿಲ ಬರುವುದಿಲ್ಲ ತಾನೆ? ಅವಳು, "ನಾನು ಏನೂ ಪರೀಕ್ಷಿಸಿಲ್ಲ. ಗಿರಿಜಾ ಪರೀಕ್ಷಿಸಿದ್ದನ್ನು ನೋಡಿದ್ದೇನೆ, ಅಷ್ಟೇ. ಅವರನ್ನು ಕೇಳಿ" ಎಂದಳು.

"ಆದರೆ ನಿಮಗೆ ಸರಿ ಎನ್ನಿಸಿತೇ?"

"ಸರಿಯಾಗಿದೆ" ಎಂದಳು.

"ಸೂಪರ್. ಹಾಗಾದರೆ ತುಂಬಿಸೋಣ" ಎಂದರು ಪ್ರದೀಪ್. ನಾನು ತಿಂಗಳುಗಟ್ಟಲೆ ಹೇಳಿದ್ದು ಅವಳ ಒಂದು ಮಾತಿಗೆ ನಿಜವಾಗಿಬಿಟ್ಟಿತು.

ಮುನಿರಾಜಪ್ಪ ನನ್ನ ಮುಖ ನೋಡಿ ಮೆಲ್ಲಗೆ, "ಒಪ್ಕಂಡ್ನಲ್ಲ, ಬಿಡು ಗಿರಿಜಮ್ಮ" ಎಂದರು. ಬಿಡಲಾಗಲಿಲ್ಲ.

"ಪ್ರದೀಪ್, ಒಂದ್ನಿಮಿಷ" ಎಂದೆ. "ಅವರು ಹೇಳಿದ್ರು ಅಂತ ನೀವು ಒಪ್ಪೋದಾದ್ರೆ ನಾನು ತುಂಬಿಸಲ್ಲ. ಅವರು ನಾಳಿದ್ದು ಹಂಪಿಗೆ ಹೋಗ್ತಾರೆ. ಇಲ್ಲಿ ಇರೋಳು ನಾನು. ರಾತ್ರಿ ಪಂಪ್ ನಿಂತ್ರೆ ನೀವು ಫೋನ್ ಮಾಡೋದು ನನಗೆ. ಕೂತ್ಕೊಂಡು ಪೂರ್ತಿ ಕೇಳಿ, ಅರ್ಥ ಮಾಡ್ಕೊಳ್ಳಿ, ಅನುಮಾನ ಇದ್ರೆ ಜಗಳ ಆಡಿ. ಆಮೇಲೆ ಬೇಕಾದ್ರೆ ಒಪ್ಪಿ, ಬೇಡ ಅಂದ್ರೆ ಬಿಡಿ."

ಪ್ರದೀಪ್ ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತಿದ್ದರು. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ತೆಗೆದು ಬಾಯಿ ಮುಚ್ಚಿಸಿ ಕೂತರು. ನಾನು ಮೊದಲಿನಿಂದ ಶುರು ಮಾಡಿದೆ, ಕನ್ನಡದಲ್ಲೇ. ಎರಡು ತೊಟ್ಟಿ, ಒಂದು ಲೋಹ, ನಾಲ್ಕು ಬಣ್ಣ, ಒಂದು ಗುಳ್ಳೆ ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ. ರೆನಾಟೆಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೂ ಕೈಕಟ್ಟಿಕೊಂಡು ಕೇಳುತ್ತಾ ಕೂತಿದ್ದಳು.

ಬಹಳ ಹೊತ್ತಿನ ಮೇಲೆ ಪ್ರದೀಪ್ ತಲೆ ಎತ್ತಿದರು.

"ಮೇಡಂ, ಏಪ್ರಿಲ್‌ನಲ್ಲಿ ಇಲ್ಲಿ ಟೆರೇಸ್ ಪಕ್ಕ ಸಿಕ್ಕಾಪಟ್ಟೆ ಕಾಯುತ್ತೆ. ಹಳದಿ ತೊಟ್ಟಿಗೆ ಏನೂ ಆಗಲ್ವಾ?"

ಆಗುತ್ತದೆ. ಬಿಸಿ ಹೆಚ್ಚಾದರೆ ಆ ಹಳದಿ ದ್ರವ ಗಟ್ಟಿಯಾಗತೊಡಗುತ್ತದೆ, ಅದಕ್ಕೆ ನೆರಳು ಬೇಕು, ತಂಪು ಮಾಡುವ ಸುರುಳಿ ಬೇಕು. ಈ ಒಂದು ಪ್ರಶ್ನೆಯನ್ನು ಅಷ್ಟು ದಿನ ಯಾರೂ ಕೇಳಿರಲಿಲ್ಲ, ಜರ್ಮನಿಯಲ್ಲೂ ಕೇಳಿರಲಿಲ್ಲ. ಅದು ದ್ರವದ ಬಗ್ಗೆ ಪ್ರದೀಪ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಉತ್ತರ ಹೇಳಲು ನಾನೂ ಕುರ್ಚಿ ಎಳೆದುಕೊಂಡೆ.